ಸಾಮಾಜಿಕ ಜಾಲತಾಣ: ಸಂದೇಶ ರವಾನಿಸುವ ಮುನ್ನ ಸಾರ್ವಜನಿಕರ ಹೊಣೆಗಾರಿಕೆ

2018ರ ಜುಲೈ ಮಾಹೆಯಲ್ಲಿ ಬೀದರ್ ಜಿಲ್ಲೆಗೆ ಬಂದಿದ್ದ ಕೆಲವರು ಮಕ್ಕಳಿಗೆ ಚಾಕೊಲೇಟ್ ನೀಡಿದ್ದೇ ನೆಪವಾಗಿ, ಅವರು ಮಕ್ಕಳ ಕಳ್ಳರೆಂಬ ವದಂತಿಯು ವಾಟ್ಸಾಪ್ ಮೂಲಕ ಹರಡಿತು. ಮುರ್ಕಿ ಗ್ರಾಮದಲ್ಲಿ ನಡೆದ ಗುಂಪು ಹಲ್ಲೆಯಲ್ಲಿ ಹೈದರಾಬಾದಿನ ಓರ್ವ ಎಂಜಿನಿಯರ್ ಮೃತಪಟ್ಟರು.

ಅದೇ ಮಾಹೆಯಲ್ಲಿ ವಾಟ್ಸಾಪ್ ಸಂಸ್ಥೆಯು, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಚಾಟ್‌ಗಳಿಗೆ ಮಾತ್ರ ರವಾನಿಸುವ ಮಿತಿಯನ್ನು ಪ್ರಕಟಿಸಿತು. ಇಂತಹ ಮಿತಿಯು ವದಂತಿಯ ವೇಗವನ್ನು ತಗ್ಗಿಸಬಲ್ಲದೇ ಹೊರತು ಅದರ ಸತ್ಯಾಸತ್ಯತೆಯನ್ನು ಪರಿಶೀಲಿಸಲಾರದು. ಆ ಹೊಣೆಯು ರವಾನಿಸುವವರದೇ ಆಗಿರುತ್ತದೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 353ನೇ ಪ್ರಕರಣದನ್ವಯ, ಸಾರ್ವಜನಿಕರಲ್ಲಿ ಭೀತಿ ಹುಟ್ಟಿಸಿ ಶಾಂತಿಭಂಗಕ್ಕೆ ಪ್ರೇರೇಪಿಸುವ ಉದ್ದೇಶದಿಂದ ವದಂತಿ ಹರಡುವವರಿಗೆ 3 ವರ್ಷಗಳವರೆಗೆ ಕಾರಾವಾಸ, ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ದುರುದ್ದೇಶವಿಲ್ಲದೆ ಕಳುಹಿಸಿದ ಸಂದೇಶವೂ ಜೀವಹಾನಿಗೆ ಕಾರಣವಾಗಬಹುದು.

ಆದ್ದರಿಂದ ಸಾರ್ವಜನಿಕರು ಈ ಕೆಳಕಂಡ ಅಂಶಗಳನ್ನು ಪಾಲಿಸುವಂತೆ ಕೋರಲಾಗಿದೆ:

1. ಸಂದೇಶದ ಮೂಲ, ಸ್ಥಳ ಹಾಗೂ ದಿನಾಂಕ ಖಚಿತವಾಗದ ಹೊರತು ರವಾನಿಸಬಾರದು.
2. ಭಯ ಅಥವಾ ಕೋಪ ಕೆರಳಿಸುವ ಸಂದೇಶವನ್ನು ಓದಿದೊಡನೆಯೇ ಕಳುಹಿಸದೆ ಸಂಯಮ ವಹಿಸತಕ್ಕದ್ದು.
3. ಅಪರಿಚಿತರ ಬಗ್ಗೆ ಸಂಶಯವಿದ್ದಲ್ಲಿ ಅವರ ಭಾವಚಿತ್ರವನ್ನು ಹಂಚದೆ 112ಕ್ಕೆ ಕರೆ ಮಾಡುವುದು.
4. ತಪ್ಪು ಸಂದೇಶ ಕಳುಹಿಸಿದ್ದಲ್ಲಿ ಅದನ್ನು ಅಳಿಸಿ, ಅದೇ ಗುಂಪಿನಲ್ಲಿ ತಿದ್ದುಪಡಿ ತಿಳಿಸುವುದು.