ಜಾಲತಾಣ ತೆರೆಯದಿದ್ದರೆ ಫಲಿತಾಂಶವೂ ಇಲ್ಲವೆ?

ಉಡುಪಿ: ಎಸೆಸೆಲ್ಸಿ ಫಲಿತಾಂಶ ಅಂತರ್ಜಾಲದಲ್ಲಿ ಪ್ರಕಟವಾಗುವ ಗಳಿಗೆಯಲ್ಲಿ ಮಣಿಪಾಲದ ಬಹುಮಹಡಿ ಕಟ್ಟಡದಲ್ಲಿರುವ ವಿದ್ಯಾರ್ಥಿಗೂ ಕಾರ್ಕಳ ತಾಲೂಕಿನ ಘಟ್ಟದ ತಪ್ಪಲಿನ ಮಾಳದಲ್ಲಿರುವ ವಿದ್ಯಾರ್ಥಿಗೂ ಎದುರಾಗುವ ದೃಶ್ಯ ಒಂದೇ. ಜಾಲತಾಣ ತೆರೆಯುವುದಿಲ್ಲ. ತೆರೆದರೂ ನೋಂದಣಿ ಸಂಖ್ಯೆ ಕೊಟ್ಟ ಮೇಲೆ ಪರದೆ ಬಿಳಿಯಾಗಿಯೇ ಉಳಿಯುತ್ತದೆ. ಹತ್ತು ವರ್ಷ ಓದಿದ ಮಗುವಿಗೆ ಆ ಹತ್ತು ನಿಮಿಷ ಬಲು ದೀರ್ಘ. 'ನನ್ನ ನಂಬರ್ ಇಲ್ಲ, ಫೇಲಾಗಿದ್ದೇನೆ' ಎಂಬ ತೀರ್ಮಾನಕ್ಕೆ ಮಕ್ಕಳು ಬರುವುದು ಇಂಥ ಹೊತ್ತಿನಲ್ಲಿಯೇ. ಆದುದರಿಂದ ಮೊದಲು ಹೇಳಬೇಕಾದ ಮಾತು ಇದು: ಪುಟ ತೆರೆಯದಿರುವುದಕ್ಕೂ ಅಂಕಗಳಿಗೂ ಯಾವ ಸಂಬಂಧವೂ ಇಲ್ಲ.

ಕಾರಣ ಸರಳವಾಗಿದೆ. ರಾಜ್ಯದಲ್ಲಿ ಪ್ರತಿವರ್ಷ ಎಂಟು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ಎಸೆಸೆಲ್ಸಿ ಪರೀಕ್ಷೆಗೆ ಹಾಜರಾಗುತ್ತಾರೆ. ಒಬ್ಬ ವಿದ್ಯಾರ್ಥಿಯ ಫಲಿತಾಂಶವನ್ನು ಅವನೊಬ್ಬನೇ ನೋಡುವುದಿಲ್ಲ. ಅಪ್ಪ, ಅಮ್ಮ, ಮುಂಬಯಿಯಲ್ಲಿರುವ ಮಾವ, ಶಾಲೆಯ ಗುಮಾಸ್ತ ಎಲ್ಲರೂ ಅದೇ ಕ್ಷಣದಲ್ಲಿ ಅದೇ ಸರ್ವರ್‌ನ ಬಾಗಿಲು ತಟ್ಟುತ್ತಾರೆ. ಶ್ರೀಕೃಷ್ಣ ಮಠದ ಭೋಜನಶಾಲೆಯಲ್ಲಿ ಪಂಕ್ತಿ ತುಂಬಿದಾಗ ಹೊರಗೆ ಸಾಲು ನಿಲ್ಲುವಂತೆ ಇಲ್ಲಿಯೂ ಕೋರಿಕೆಗಳು ಸಾಲಿನಲ್ಲಿ ನಿಲ್ಲುತ್ತವೆ. ಮತ್ತೆ ಮತ್ತೆ 'ರಿಫ್ರೆಶ್' ಒತ್ತುವುದೆಂದರೆ ಆ ಸಾಲನ್ನು ಬಿಟ್ಟು ಹೋಗಿ ಮತ್ತೆ ಕೊನೆಯಲ್ಲಿ ನಿಂತುಕೊಂಡಂತೆ. ಅರ್ಧ ಗಂಟೆ ಬಿಟ್ಟು ನೋಡಿದವರಿಗೆ ಅದೇ ಪುಟ ಸಲೀಸಾಗಿ ತೆರೆದುಕೊಳ್ಳುವುದು ಇದೇ ಕಾರಣಕ್ಕೆ.

ಇನ್ನೊಂದು ಸಣ್ಣ ತೊಡಕಿದೆ. ಎಸೆಸೆಲ್ಸಿ ಫಲಿತಾಂಶಕ್ಕೆ ನೋಂದಣಿ ಸಂಖ್ಯೆಯ ಜತೆ ಜನ್ಮದಿನಾಂಕವನ್ನೂ ಕೊಡಬೇಕು. ಶಾಲಾ ದಾಖಲೆಯಲ್ಲಿರುವ ಜನ್ಮದಿನಾಂಕವೇ ಬೇರೆ, ಮನೆಯಲ್ಲಿ ಆಚರಿಸುವ ಹುಟ್ಟುಹಬ್ಬವೇ ಬೇರೆ ಎಂಬ ಕುಟುಂಬಗಳು ನಮ್ಮಲ್ಲಿ ಕಡಿಮೆಯೇನಲ್ಲ. ಪ್ರವೇಶ ಪತ್ರದಲ್ಲಿ ಮುದ್ರಿತವಾದ ದಿನಾಂಕವನ್ನೇ ನಮೂದಿಸಬೇಕು. ಅಂತರ್ಜಾಲ ಕೈಕೊಟ್ಟರೂ ಕಂಗೆಡಬೇಕಾಗಿಲ್ಲ. ಶಾಲೆಯ ಮುಖ್ಯೋಪಾಧ್ಯಾಯರ ಕೈಗೆ ಇಡೀ ಶಾಲೆಯ ಫಲಿತಾಂಶ ಬಂದೇ ಬರುತ್ತದೆ. ಕೇಂದ್ರ ಸರಕಾರದ ಡಿಜಿಲಾಕರ್‌ನಲ್ಲಿಯೂ ಅಂಕಪಟ್ಟಿ ಸಿಗುತ್ತದೆ. ಆದರೆ ಡಿಜಿಲಾಕರ್ ಖಾತೆಯನ್ನು ಆ ದಿನ ತೆರೆಯಲು ಹೊರಡುವುದು ಜಾಣತನವಲ್ಲ. ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಬದಲಾಗಿದ್ದರೆ ಒಟಿಪಿ ಬಾರದೆ ಪರದಾಡಬೇಕಾಗುತ್ತದೆ. ಪರೀಕ್ಷೆ ಮುಗಿದ ವಾರವೇ ಈ ಕೆಲಸ ಮಾಡಿಟ್ಟುಕೊಳ್ಳುವುದು ಒಳಿತು. ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ 'ಬೇಗನೆ ಫಲಿತಾಂಶ ನೋಡಿ' ಎಂಬ ಕೊಂಡಿಗಳನ್ನು ಒತ್ತಲೇಬಾರದು. ಫಲಿತಾಂಶ ನೋಡಲು ಮಂಡಳಿ ಯಾವ ಶುಲ್ಕವನ್ನೂ ಕೇಳುವುದಿಲ್ಲ.

ಅಂಕ ಕಡಿಮೆ ಬಂದಾಗ

ಫಲಿತಾಂಶ ಕಂಡ ಮೇಲೆ ಆರಂಭವಾಗುವುದು ಎರಡನೆಯ ಗೊಂದಲ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಕ್ರಮದಂತೆ, ನೇರವಾಗಿ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಲು ಬರುವುದಿಲ್ಲ. ಮೊದಲು ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಆನ್‌ಲೈನ್‌ನಲ್ಲಿ ಅರ್ಜಿ ಸಲ್ಲಿಸಿ ಅದನ್ನು ಪಡೆಯಬೇಕು. ಅದನ್ನು ಪಡೆದವರಿಗೆ ಮಾತ್ರ ಮರುಎಣಿಕೆಗೋ ಮರುಮೌಲ್ಯಮಾಪನಕ್ಕೋ ಅವಕಾಶ. ಎರಡಕ್ಕೂ ಪ್ರತ್ಯೇಕ ಕೊನೆಯ ದಿನಾಂಕಗಳಿರುತ್ತವೆ, ಅವು ಫಲಿತಾಂಶದೊಂದಿಗೇ ಹೊರಡುವ ಸುತ್ತೋಲೆಯಲ್ಲಿರುತ್ತವೆ. ಪ್ರತಿ ಕೈಗೆ ಬಂದೊಡನೆ ವಿಷಯ ಶಿಕ್ಷಕರಿಗೆ ತೋರಿಸಬೇಕು. ಎಲ್ಲ ಉತ್ತರಗಳಿಗೂ ಅಂಕ ನೀಡಲಾಗಿದೆಯೇ, ಒಳಪುಟದ ಅಂಕಗಳು ಮುಖಪುಟಕ್ಕೆ ಸರಿಯಾಗಿ ಬಂದಿವೆಯೇ ಎಂಬುದನ್ನು ಅವರು ಕೆಲವೇ ನಿಮಿಷಗಳಲ್ಲಿ ಹೇಳಬಲ್ಲರು. ಕೂಡುವಿಕೆಯ ತಪ್ಪು ಮಾತ್ರವಿದ್ದಲ್ಲಿ ಮರುಎಣಿಕೆ ಸಾಕು. ಉತ್ತರ ಸರಿಯಿದ್ದೂ ಅಂಕ ಬಾರದಿದ್ದರೆ ಮಾತ್ರ ಮರುಮೌಲ್ಯಮಾಪನ. ಈ ವ್ಯತ್ಯಾಸ ತಿಳಿಯದೆ ಎಲ್ಲ ಆರು ವಿಷಯಗಳಿಗೂ ಹಣ ಕಟ್ಟುವ ಹೆತ್ತವರಿದ್ದಾರೆ.

2023-24ನೇ ಸಾಲಿನಿಂದ ಪೂರಕ ಪರೀಕ್ಷೆಯೆಂಬ ಹೆಸರೇ ಹೋಗಿದೆ. ಅದರ ಬದಲು ಆ ಸಾಲಿನಲ್ಲಿ ವರ್ಷಕ್ಕೆ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಎಂಬ ಮೂರು ಅವಕಾಶಗಳು ಬಂದವು. ತೇರ್ಗಡೆಯಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು. ಹೆಚ್ಚು ಬಂದ ಅಂಕವೇ ಉಳಿಯುತ್ತದೆ. 'ಫೇಲ್' ಎಂಬ ಹಣೆಪಟ್ಟಿಯ ಭಾರವನ್ನು ಇಳಿಸುವಲ್ಲಿ ಇದು ಇತ್ತೀಚಿನ ವರ್ಷಗಳ ಅತ್ಯಂತ ಉಪಯುಕ್ತ ಬದಲಾವಣೆ ಎಂದರೆ ತಪ್ಪಾಗದು. ಉತ್ತೀರ್ಣತೆಯ ಮಿತಿಯನ್ನೂ 2025-26ನೇ ಸಾಲಿನಿಂದ ಶೇ. 33ಕ್ಕೆ ಇಳಿಸಲಾಗಿದೆ. ಅಂದರೆ ಒಟ್ಟು 625 ಅಂಕಗಳಿಗೆ 206. ಮೊದಲು ಇದು ಶೇ. 35 ಆಗಿತ್ತು.

ಆದರೆ ಕಾಲಾವಕಾಶ ಬಹಳ ಕಿರಿದು. 2025ರಲ್ಲಿ ಪರೀಕ್ಷೆ-1ರ ಫಲಿತಾಂಶ ಮೇ 2ರಂದು ಬಂದರೆ ಪರೀಕ್ಷೆ-2 ಮೇ 26ರಂದೇ ಆರಂಭವಾಯಿತು. ಮರುಮೌಲ್ಯಮಾಪನದ ಉತ್ತರ ಬರಲಿ, ಆಮೇಲೆ ನೋಡೋಣ ಎಂದು ಕಾದವರಿಗೆ ನೋಂದಣಿಯ ಗಡುವು ತಪ್ಪುವ ಅಪಾಯವಿದೆ. ಮರುಮೌಲ್ಯಮಾಪನಕ್ಕೂ ಮುಂದಿನ ಪರೀಕ್ಷೆಗೂ ಏಕಕಾಲಕ್ಕೆ ಅರ್ಜಿ ಸಲ್ಲಿಸುವುದೇ ಕ್ಷೇಮಕರ.

ನಿಂತ ಪರೀಕ್ಷೆಗಳು ಮತ್ತೆ ನಡೆದ ಬಗೆ

ಪರೀಕ್ಷೆಯೇ ನಿಂತುಹೋದರೆ ಏನಾಗುತ್ತದೆ ಎಂಬುದಕ್ಕೆ ಈಗ ಹೈಸ್ಕೂಲಿನಲ್ಲಿರುವ ಮಕ್ಕಳ ಅಣ್ಣ ಅಕ್ಕಂದಿರೇ ಸಾಕ್ಷಿ. 2020ರ ಮಾರ್ಚ್ 27ರಂದು ಆರಂಭವಾಗಬೇಕಿದ್ದ ಎಸೆಸೆಲ್ಸಿ ಪರೀಕ್ಷೆ ಕೋವಿಡ್ ಕಾರಣದಿಂದ ಮುಂದೂಡಲ್ಪಟ್ಟು ಜೂನ್ 25ರಂದು ಆರಂಭವಾಯಿತು. ನೆರೆಯ ತೆಲಂಗಾಣ, ತಮಿಳುನಾಡುಗಳು ಪರೀಕ್ಷೆಯನ್ನೇ ರದ್ದುಪಡಿಸಿದ್ದ ಹೊತ್ತಿನಲ್ಲಿ ಕರ್ನಾಟಕ ನಡೆಸಿಯೇ ತೀರುವ ನಿರ್ಧಾರ ತಳೆದಿತ್ತು. ಮಹಾರಾಷ್ಟ್ರದಿಂದ ಮರಳಿದವರ ಕಾರಣದಿಂದಾಗಿ ಆ ದಿನಗಳಲ್ಲಿ ಉಡುಪಿ ಜಿಲ್ಲೆಯಲ್ಲಿ ಸೋಂಕಿನ ಪ್ರಕರಣಗಳು ಬಹಳ ಹೆಚ್ಚಿದ್ದವು. ಮಾಸ್ಕ್ ಧರಿಸಿ, ಜ್ವರ ತಪಾಸಣೆಗೆ ಸಾಲು ನಿಂತು ಮಕ್ಕಳು ಪರೀಕ್ಷೆ ಬರೆದರು. ಆಗಸ್ಟ್ 10ರಂದು ಬಂದ ಫಲಿತಾಂಶ ಶೇ. 71.80.

ಮರುವರ್ಷ ಪರೀಕ್ಷೆಯ ಸ್ವರೂಪವೇ ಬದಲಾಯಿತು. 2021ರ ಜುಲೈ 19 ಮತ್ತು 22, ಎರಡೇ ದಿನ. ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳಿಗೆ ಒಂದು ದಿನ, ಭಾಷೆಗಳಿಗೆ ಇನ್ನೊಂದು ದಿನ. ಪ್ರತಿ ವಿಷಯಕ್ಕೆ 40 ಅಂಕಗಳ ಬಹು ಆಯ್ಕೆಯ ಪ್ರಶ್ನೆಗಳು, ಉತ್ತರಕ್ಕೆ ಒಎಂಆರ್ ಹಾಳೆ, ಕೊಠಡಿಗೆ 12 ವಿದ್ಯಾರ್ಥಿಗಳು. ಫಲಿತಾಂಶ ಶೇ. 99.99. ಬೇರೊಬ್ಬರಿಂದ ಪರೀಕ್ಷೆ ಬರೆಸಿದ ಒಬ್ಬ ಅಭ್ಯರ್ಥಿಯ ಹೊರತು ಎಲ್ಲರೂ ಪಾಸು. ಅದೇ ವರ್ಷ ದ್ವಿತೀಯ ಪಿಯು ಪರೀಕ್ಷೆ ರದ್ದಾಗಿ, ಎಸೆಸೆಲ್ಸಿ ಅಂಕಗಳಿಗೆ ಶೇ. 45, ಪ್ರಥಮ ಪಿಯು ಅಂಕಗಳಿಗೆ ಶೇ. 45, ಆಂತರಿಕ ಮೌಲ್ಯಮಾಪನಕ್ಕೆ ಶೇ. 10ರಷ್ಟು ತೂಕ ಕೊಟ್ಟು ಫಲಿತಾಂಶ ಸಿದ್ಧಪಡಿಸಲಾಯಿತು. ಎರಡು ವರ್ಷಗಳ ಹಿಂದಿನ ಎಸೆಸೆಲ್ಸಿ ಅಂಕ ಹೀಗೆ ಮರಳಿ ಬಂದು ಕೈಹಿಡಿದೀತೆಂದು ಯಾರೂ ಎಣಿಸಿರಲಿಲ್ಲ.

ರೋಗದ ಕಾರಣಕ್ಕೆ ಮಾತ್ರ ಪರೀಕ್ಷೆ ನಿಲ್ಲುತ್ತದೆಂದೇನೂ ಇಲ್ಲ. 2016ರ ಮಾರ್ಚ್‌ನಲ್ಲಿ ದ್ವಿತೀಯ ಪಿಯು ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಎರಡು ಬಾರಿ ಸೋರಿಕೆಯಾಗಿ, ಪರೀಕ್ಷೆ ಕೊನೆಗೂ ನಡೆದುದು ಏಪ್ರಿಲ್ 12ರಂದು. 2024ರ ಮಾರ್ಚ್‌ನಲ್ಲಿ 5, 8, 9ನೇ ತರಗತಿಗಳ ಮಂಡಳಿ ಪರೀಕ್ಷೆಗಳು ನ್ಯಾಯಾಲಯದ ಆದೇಶಗಳ ನಡುವೆ ಸಿಲುಕಿದವು. ಮಾರ್ಚ್ 11ರಂದು ಆರಂಭವಾದ ಪರೀಕ್ಷೆ ಮರುದಿನದ ಸುಪ್ರೀಂ ಕೋರ್ಟ್ ಆದೇಶದಿಂದ ನಿಂತಿತು, ಹೈಕೋರ್ಟ್ ಅನುಮತಿಯ ಮೇಲೆ 25ರಂದು ಮುಂದುವರಿಯಿತು, ಏಪ್ರಿಲ್ 8ರಂದು ಫಲಿತಾಂಶಕ್ಕೆ ಮತ್ತೆ ಸುಪ್ರೀಂ ಕೋರ್ಟ್ ತಡೆ ನೀಡಿತು. ನಾಳೆ ಪರೀಕ್ಷೆಯಿದೆಯೋ ಇಲ್ಲವೋ ಎಂದು ತಿಳಿಯದೆ ಒಂಬತ್ತನೆಯ ತರಗತಿಯ ಮಕ್ಕಳು ಪುಸ್ತಕ ಹಿಡಿದು ಕೂತಿದ್ದರು. ಆ ಜಗ್ಗಾಟದಲ್ಲಿ ಮಕ್ಕಳ ತಪ್ಪೇನಿತ್ತು ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಬೇರೆಯವರು.

ಕಂಪ್ಯೂಟರ್ ಮುಂದೆ ಕೂತು ಬರೆಯುವಾಗ

ಎಸೆಸೆಲ್ಸಿ ಇಂದಿಗೂ ಕಾಗದದ ಪರೀಕ್ಷೆ. ಆದರೆ ಕೋವಿಡ್ ಕಾಲದಲ್ಲಿ ಹಲವು ಖಾಸಗಿ ಶಾಲೆಗಳು ಕಿರುಪರೀಕ್ಷೆಗಳನ್ನು ಆನ್‌ಲೈನ್‌ನಲ್ಲಿಯೇ ನಡೆಸಿದವು. ಆಗ ಎದುರಾದ ಅಸಮಾನತೆ ಮರೆಯುವಂಥದ್ದಲ್ಲ. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಬಳ್ಳಕದಲ್ಲಿ ಮಳೆಯ ನಡುವೆ ರಸ್ತೆ ಬದಿ ಕೂತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರ ದೇಶಾದ್ಯಂತ ಸುದ್ದಿಯಾಯಿತು. ಕಾರ್ಕಳ, ಹೆಬ್ರಿಯ ಘಟ್ಟದ ಅಂಚಿನ ಊರುಗಳಲ್ಲಿಯೂ ಸಿಗ್ನಲ್ ಎಂಬುದು ಗುಡ್ಡ ಹತ್ತಿ ಹುಡುಕಬೇಕಾದ ವಸ್ತುವಾಗಿತ್ತು. ಕಾಪುವಿನ ಕಡಲತೀರದಲ್ಲಿ ಅದೇ ವರ್ಷದ ಮೇ ತಿಂಗಳ ತೌಕ್ತೆ ಚಂಡಮಾರುತ ಹಾವಳಿ ಎಬ್ಬಿಸಿತ್ತು.

ಶಾಲೆ ಆನ್‌ಲೈನ್ ಪರೀಕ್ಷೆ ಕೊಟ್ಟಾಗ ಸಂಪರ್ಕ ಕಡಿದುಹೋದರೆ ಮಾಡಬೇಕಾದುದು ಇಷ್ಟೆ. ಪರದೆಯ ಚಿತ್ರವನ್ನು ಗಂಟೆ ಕಾಣುವಂತೆ ತೆಗೆದಿಡಬೇಕು. ಉತ್ತರಗಳನ್ನು ಕಾಗದದಲ್ಲಿ ಬರೆದು ಫೋಟೊ ತೆಗೆದು ಶಿಕ್ಷಕರಿಗೆ ಕಳುಹಿಸಬೇಕು. ಸಿಗ್ನಲ್ ಬಂದ ಮೇಲೆ ಕಳುಹಿಸಿದರೂ ಆ ಫೋಟೊ ತೆಗೆದ ಸಮಯ ಮೊಬೈಲಿನಲ್ಲಿ ದಾಖಲಾಗಿರುತ್ತದೆ. ವಿಷಯವನ್ನು ಅದೇ ದಿನ ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ತಿಳಿಸಬೇಕು. ಇದನ್ನು ಕಡೆಗಣಿಸುವಂತಿಲ್ಲ, ಏಕೆಂದರೆ ಎಸೆಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 25, ಉಳಿದ ವಿಷಯಗಳಿಗೆ ತಲಾ 20 ಅಂಕಗಳು ಆಂತರಿಕ ಮೌಲ್ಯಮಾಪನದ್ದೇ ಆಗಿವೆ.

ಹೈಸ್ಕೂಲ್ ದಾಟಿದವರಿಗೆ ಕಂಪ್ಯೂಟರ್ ಪರೀಕ್ಷೆ ತಪ್ಪಿದ್ದಲ್ಲ. ಜೆಇಇ ಮೇನ್ ಪರೀಕ್ಷೆಯ ನಗರಗಳ ಪಟ್ಟಿಯಲ್ಲಿ ಉಡುಪಿ-ಮಣಿಪಾಲವೂ ಇದೆ. 2021ರಿಂದ ಕನ್ನಡದಲ್ಲಿಯೂ ಪ್ರಶ್ನೆಪತ್ರಿಕೆ ಸಿಗುತ್ತದೆ. ಇಂಥ ಪರೀಕ್ಷೆಯಲ್ಲಿ ಸಮಯ ಲೆಕ್ಕವಿಡುವುದು ವಿದ್ಯಾರ್ಥಿಯ ಕಂಪ್ಯೂಟರ್ ಅಲ್ಲ, ಸರ್ವರ್. ಯಂತ್ರವೋ ಮೌಸೋ ಕೆಟ್ಟರೆ ಕೂಡಲೇ ಬೇರೆ ಕಂಪ್ಯೂಟರ್ ಕೊಡಬೇಕು, ಕಳೆದುಹೋದ ಸಮಯವನ್ನು ಸರ್ವರ್‌ನಲ್ಲಿ ಸರಿದೂಗಿಸಬೇಕು ಎಂಬುದು ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯೇ ತನ್ನ ಮಾಹಿತಿ ಪುಸ್ತಿಕೆಯಲ್ಲಿ ಬರೆದುಕೊಂಡ ನಿಯಮ. ಉಳಿಸಿದ ಉತ್ತರಗಳು ಅಳಿಸಿಹೋಗುವುದಿಲ್ಲ, ಆಯ್ಕೆ ಮಾಡಿಯೂ ಉಳಿಸದೆ ಬಿಟ್ಟವು ಹೋಗಬಹುದು. ಪ್ರತಿ ಪ್ರಶ್ನೆಯ ಬಳಿಕ 'ಸೇವ್' ಗುಂಡಿ ಒತ್ತಬೇಕೆನ್ನುವುದು ಅದಕ್ಕಾಗಿ.

ಆದರೆ ನಿಯಮ ಇದ್ದ ಮಾತ್ರಕ್ಕೆ ನ್ಯಾಯ ತಾನಾಗಿ ಒದಗುವುದಿಲ್ಲ. 2022ರ ಆಗಸ್ಟ್ 4ರಂದು ತಾಂತ್ರಿಕ ದೋಷದಿಂದಾಗಿ ಸಿಯುಇಟಿ ಪರೀಕ್ಷೆಯ ಮಧ್ಯಾಹ್ನದ ಪಾಳಿ ದೇಶದ ಎಲ್ಲ ಕೇಂದ್ರಗಳಲ್ಲಿಯೂ ರದ್ದಾದಾಗ ಸರದಿಗೆ ಬಂದಿದ್ದವರೆಲ್ಲರಿಗೂ ಬೇರೆ ದಿನಾಂಕ ಸಿಕ್ಕಿತು. ಇಡೀ ಪಾಳಿಯೇ ಮುಗ್ಗರಿಸಿದರೆ ಪರಿಹಾರ ಸುಲಭ, ಒಬ್ಬರದೇ ಯಂತ್ರ ಕೆಟ್ಟರೆ ಕಷ್ಟ. ಕಾಗದದ ಪರೀಕ್ಷೆಯಾದ ನೀಟ್‌ನಲ್ಲಿ 2024ರಲ್ಲಿ ಸಮಯ ನಷ್ಟವಾದ 1,563 ಮಂದಿಗೆ ಕೃಪಾಂಕ ಕೊಟ್ಟು, ವಿವಾದವೆದ್ದು, ಅದನ್ನು ಹಿಂಪಡೆದು, ಜೂನ್ 23ರಂದು ಮರುಪರೀಕ್ಷೆ ನಡೆಸಬೇಕಾಯಿತು. ಆದುದರಿಂದ ಕೇಂದ್ರದಿಂದ ಹೊರಬರುವ ಮುನ್ನವೇ ಕೊಠಡಿ ಮೇಲ್ವಿಚಾರಕರಲ್ಲಿ ದೂರು ಬರೆಸಬೇಕು. ಎಷ್ಟು ಗಂಟೆಗೆ ಯಂತ್ರ ನಿಂತಿತು, ಎಷ್ಟು ಗಂಟೆಗೆ ಮರಳಿ ಆರಂಭವಾಯಿತು ಎಂಬುದು ಅದರಲ್ಲಿರಬೇಕು. ಮನೆಗೆ ಬಂದು ಕಳುಹಿಸುವ ಇ-ಮೇಲ್‌ಗೆ ಅಷ್ಟು ತೂಕವಿರುವುದಿಲ್ಲ.

ಶೇಕಡಾವಾರು ಲೆಕ್ಕದ ಹಿಂದೆ

ಕರಾವಳಿಯ ಹೆತ್ತವರಿಗೆ ಇನ್ನೊಂದು ಒತ್ತಡವಿದೆ, ಅದು ಜಿಲ್ಲೆಯ ಸ್ಥಾನ. 2017 ಮತ್ತು 2018ರ ಎಸೆಸೆಲ್ಸಿಯಲ್ಲಿ ರಾಜ್ಯಕ್ಕೇ ಪ್ರಥಮವಾಗಿದ್ದ ಉಡುಪಿ 2023ರಲ್ಲಿ 18ನೇ ಸ್ಥಾನಕ್ಕೆ ಇಳಿಯಿತು. 2024ರಲ್ಲಿ ಶೇ. 94ರೊಂದಿಗೆ ಮತ್ತೆ ಪ್ರಥಮ, 2025ರಲ್ಲಿ ಶೇ. 89.96ರೊಂದಿಗೆ ದಕ್ಷಿಣ ಕನ್ನಡದ ನಂತರ ದ್ವಿತೀಯ. ಒಂದೇ ವರ್ಷದಲ್ಲಿ 18ರಿಂದ 1ಕ್ಕೆ ಏರಲು ಇಲ್ಲಿನ ಮಕ್ಕಳು ಏಕಾಏಕಿ ಜಾಣರಾದರೇ? 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲಿನ ವೆಬ್‌ಕಾಸ್ಟಿಂಗ್ ಬಂತು. ರಾಜ್ಯದ ಫಲಿತಾಂಶ ಶೇ. 83.89ರಿಂದ, ಕೃಪಾಂಕವನ್ನು ಹೆಚ್ಚಿಸಿದ ಮೇಲೂ, ಶೇ. 73.40ಕ್ಕೆ ಕುಸಿಯಿತು. ಅಳತೆಗೋಲು ಬಿಗಿಯಾದಾಗ ಸ್ಥಾನಗಳು ಪಲ್ಲಟಗೊಂಡವು, ಅಷ್ಟೇ. ಸ್ಥಾನದ ಚಿಂತೆಯನ್ನು ಇಲಾಖೆಗೆ ಬಿಟ್ಟುಕೊಡುವುದು ಮಕ್ಕಳ ಮಟ್ಟಿಗೆ ಹಿತ.

ಫಲಿತಾಂಶದ ಸಂಜೆ ಮಗು ಮೌನವಾದರೆ, ಊಟ ಬೇಡವೆಂದರೆ, ಒಬ್ಬನನ್ನೇ ಬಿಡಬಾರದು. 'ಟೆಲಿ ಮಾನಸ್' ಸಹಾಯವಾಣಿ 14416ಕ್ಕೆ ದಿನದ ಯಾವುದೇ ಹೊತ್ತಿನಲ್ಲಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಮಕ್ಕಳ ಸಹಾಯವಾಣಿ 1098.

ಮಳೆಗಾಲದ ಮಾತೊಂದು ಉಳಿದಿದೆ. ಮೂರು ಪರೀಕ್ಷೆಗಳ ಪದ್ಧತಿ ಬಂದ ಮೇಲೆ ಎರಡನೆಯ ಮತ್ತು ಮೂರನೆಯ ಪರೀಕ್ಷೆಗಳು ಕರಾವಳಿಯ ಮಳೆಗೇ ಎದುರಾದವು. ಜಿಲ್ಲಾಧಿಕಾರಿ ಶಾಲೆಗಳಿಗೆ ರಜೆ ಘೋಷಿಸಿದ ದಿನವೂ ಪೂರ್ವನಿಗದಿತ ಮಂಡಳಿ ಪರೀಕ್ಷೆ ನಡೆಯಬಹುದು. ಆದೇಶದ ಕೊನೆಯ ಸಾಲಿನವರೆಗೆ ಓದಬೇಕು, ಹಳೆಯ ವರ್ಷದ ಆದೇಶಕ್ಕೆ ಹೊಸ ದಿನಾಂಕ ಅಂಟಿಸಿ ಹಂಚುವವರೂ ಇದ್ದಾರೆ ಎಂಬುದನ್ನು ನೆನಪಿಡಬೇಕು. ಸಂದೇಹವಿದ್ದರೆ ಮುಖ್ಯೋಪಾಧ್ಯಾಯರಿಗೆ ಅಥವಾ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಹಿಂದಿನ ರಾತ್ರಿಯೇ ಫೋನ್ ಮಾಡಿ ಕೇಳಬಹುದು. ಉತ್ತರ ಸಿಗದಿದ್ದರೆ ಪ್ರವೇಶ ಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಮೊದಲ ಬಸ್ಸಿಗೇ ಕೇಂದ್ರಕ್ಕೆ ಹೊರಡುವುದು ಒಳ್ಳೆಯದು.