ನೆರಳು ಬೇಡುವ ಯಂತ್ರ

ಏಪ್ರಿಲ್ ತಿಂಗಳ ನಡುಮಧ್ಯಾಹ್ನ. ತಿಕೋಟಾ ಹತ್ತಿರದ ಒಂದು ಮಣೂಕದ (ಒಣದ್ರಾಕ್ಷಿಯ) ಶೆಡ್ಡಿಗೆ ಹೋಗಿದ್ದೆ. ನೆರಳುಬಲೆಯ ಕೆಳಗೆ, ಅಂತಸ್ತು ಅಂತಸ್ತಾಗಿ ಕಟ್ಟಿದ ಜಾಲರಿಗಳ ಮೇಲೆ ದ್ರಾಕ್ಷಿ ಒಣಗುತ್ತಿತ್ತು. ತೋಟದ ಯಜಮಾನರಿಗೆ ಮಾಲಿನ ಫೋಟೊ ತೆಗೆದು ಸಾಂಗ್ಲಿಯ ವ್ಯಾಪಾರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಕಿತ್ತು. ಹೊರಗೆ ಟ್ರಾಲಿಯ ಮೇಲೆ ಬಿಟ್ಟಿದ್ದ ಫೋನ್ ತಂದರು. ಪರದೆ ಮಂಕಾಗಿತ್ತು, ಕ್ಯಾಮೆರಾ ತೆರೆಯಲಿಲ್ಲ. ಫೋನ್ ಬಿಸಿಯಾಗಿದೆ, ತಣ್ಣಗಾಗಲು ಬಿಡಿ ಎಂಬ ಸೂಚನೆಯಷ್ಟೇ ಮೂಡಿ ನಿಂತಿತ್ತು.

"ದೀಪಾವಳಿಗಿ ತಗೊಂಡದ್ದರಿ ಸರ. ಆರು ತಿಂಗಳಿಗೇ ಕೆಟ್ಟು ಕುಂತೈತಿ ನೋಡ್ರಿ" ಎಂದು ಬೇಸರಪಟ್ಟರು.

ಫೋನ್ ಕೆಟ್ಟಿರಲಿಲ್ಲ. ಅದು ತನ್ನ ಜೀವ ಉಳಿಸಿಕೊಳ್ಳುತ್ತಿತ್ತು. ಶೆಡ್ಡಿನೊಳಗೆ ಗಾಳಿ ಆಡುವ ಕಡೆ ಇಟ್ಟು ಒಂದು ಚಹಾ ಕುಡಿಯುವಷ್ಟರಲ್ಲಿ ಎಂದಿನಂತೆ ಎದ್ದಿತು. ದ್ರಾಕ್ಷಿಗೆ ನೆರಳು ಕಟ್ಟಲು ಸಾವಿರಾರು ರೂಪಾಯಿ ಸುರಿಯುವ ನಮ್ಮ ಕಡೆಯ ಜನಕ್ಕೆ ಫೋನಿಗೂ ನೆರಳು ಬೇಕು ಎಂದು ಯಾರೂ ಹೇಳಿಕೊಟ್ಟಿಲ್ಲ. "ಚಾರ್ಜ್ ನಿಲ್ಲವಲ್ದು" ಎಂದು ನಾವು ಕಂಪನಿಯನ್ನು ಬೈಯುತ್ತೇವೆ, ಮಕ್ಕಳ ಗೇಮನ್ನು ಬೈಯುತ್ತೇವೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ವಿಜಯಪುರದಲ್ಲಿ ಮೊದಲು ಹಿಡಿಯಬೇಕಾದ ಕಳ್ಳ ಬೇರೆ. ಅದು ಕಾವು.

ದಂಡೆಯಿಂದ ದಂಡೆಗೆ

ಬ್ಯಾಟರಿ ಎಂದರೆ ಕರೆಂಟು ತುಂಬಿಡುವ ಗಡಿಗೆ ಎಂದು ನಾವು ತಿಳಿದಿರುತ್ತೇವೆ. ಅದರ ಬದಲು ಒಂದು ಹೊಳೆಯನ್ನು ನೆನೆಯಿರಿ. ಒಂದು ದಂಡೆ ಗ್ರಾಫೈಟಿನದು, ಪೆನ್ಸಿಲ್ ಕಡ್ಡಿಯಲ್ಲಿರುವ ಅದೇ ಇಂಗಾಲ. ಇನ್ನೊಂದು ದಂಡೆ ಲಿಥಿಯಂ ಕೋಬಾಲ್ಟ್ ಆಕ್ಸೈಡಿನಂಥ ಸಂಯುಕ್ತದ್ದು. ನಡುವೆ ಹರಿಯುವುದು ಲಿಥಿಯಂ ಲವಣ ಕರಗಿಸಿದ ದ್ರಾವಣ. ಚಾರ್ಜಿಗೆ ಹಾಕಿದಾಗ ಲಿಥಿಯಂ ಅಯಾನುಗಳು, ಅಂದರೆ ಎಲೆಕ್ಟ್ರಾನ್ ಕಳಚಿಕೊಂಡ ಲಿಥಿಯಂ ಕಣಗಳು, ಹೊಳೆ ದಾಟಿ ಗ್ರಾಫೈಟಿನ ಪದರಗಳ ನಡುವೆ ಹೋಗಿ ಕೂರುತ್ತವೆ. ಫೋನ್ ಬಳಸುವಾಗ ಅವು ಮರಳಿ ಈಚೆ ದಂಡೆಗೆ ಬರುತ್ತವೆ. ಅಯಾನು ಹೊಳೆಯಲ್ಲಿ ಈಜಿದರೆ ಅದರ ಜೋಡಿಯಾದ ಎಲೆಕ್ಟ್ರಾನ್ ಹೊರಗಿನ ಸೇತುವೆ ಹಿಡಿದು ಬರುತ್ತದೆ. ಆ ಸೇತುವೆಯೇ ನಿಮ್ಮ ಫೋನಿನ ಸರ್ಕಿಟ್. ಎಲೆಕ್ಟ್ರಾನುಗಳು ದಾಟುವ ಹಾದಿಯಲ್ಲಿ ಪರದೆ ಬೆಳಗುತ್ತದೆ, ದನಿ ಕೇಳುತ್ತದೆ, ಫೋನ್‌ಪೇ ದುಡ್ಡು ಕಳಿಸುತ್ತದೆ.

ಎರಡು ದಂಡೆಗಳು ಒಂದನ್ನೊಂದು ಮುಟ್ಟದಂತೆ ನಡುವೆ ಪ್ಲಾಸ್ಟಿಕ್ಕಿನ ತೆಳು ಹಾಳೆಯೊಂದಿರುತ್ತದೆ, ನಮ್ಮ ತಲೆಗೂದಲಿಗಿಂತ ತೆಳು. ಅದರ ಸಣ್ಣ ರಂಧ್ರಗಳಲ್ಲಿ ಅಯಾನು ಮಾತ್ರ ನುಸುಳಬಲ್ಲದು. ಆ ಹಾಳೆ ಹರಿದರೆ ಅಥವಾ ಕರಗಿದರೆ ದಂಡೆಗೆ ದಂಡೆ ತಾಗಿ ಬೆಂಕಿ ಏಳಬಹುದು.

ಈ ಯಂತ್ರ ಒಬ್ಬರ ಕೈಕೆಲಸವಲ್ಲ. 1970ರ ದಶಕದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತೆ ಮತ್ತೆ ಚಾರ್ಜ್ ಮಾಡಬಲ್ಲ ಮೊದಲ ಲಿಥಿಯಂ ಬ್ಯಾಟರಿ ತೋರಿಸಿದರು. 1980ರಲ್ಲಿ ಆಕ್ಸ್‌ಫರ್ಡ್‌ನಲ್ಲಿದ್ದ ಜಾನ್ ಗುಡ್‌ಇನಫ್ ಕೋಬಾಲ್ಟ್ ಆಕ್ಸೈಡಿನ ದಂಡೆ ಕಟ್ಟಿದರು. 1985ರಲ್ಲಿ ಜಪಾನಿನ ಅಕಿರಾ ಯೊಶಿನೊ ಇನ್ನೊಂದು ದಂಡೆಗೆ ಇಂಗಾಲ ತಂದು ಅದನ್ನು ಸುರಕ್ಷಿತಗೊಳಿಸಿದರು. 1991ರಲ್ಲಿ ಸೋನಿ ಅದನ್ನು ಮಾರುಕಟ್ಟೆಗೆ ಬಿಟ್ಟಿತು. 2019ರ ರಸಾಯನಶಾಸ್ತ್ರದ ನೊಬೆಲ್ ಈ ಮೂವರಿಗೂ ಸಂದಿತು. ಆಗ ಗುಡ್‌ಇನಫ್ ಅವರಿಗೆ 97 ವರ್ಷ.

ಹಾಲಿನ ಕೆನೆಯಂಥ ಪೊರೆ

ಹೊಸ ಬ್ಯಾಟರಿಯನ್ನು ಕಾರ್ಖಾನೆಯಲ್ಲಿ ಮೊದಲ ಸಲ ಚಾರ್ಜ್ ಮಾಡುವಾಗ ದ್ರಾವಣದ ಸ್ವಲ್ಪ ಭಾಗ ಗ್ರಾಫೈಟಿನ ಮೇಲೆ ಒಡೆದು, ಕಾಸಿದ ಹಾಲಿನ ಮೇಲೆ ಕೆನೆ ಕಟ್ಟುವಂತೆ ತೆಳುವಾದ ಪೊರೆ ಕಟ್ಟುತ್ತದೆ. ಇದು ಒಳ್ಳೆಯ ಪೊರೆ. ಗ್ರಾಫೈಟನ್ನು ದ್ರಾವಣದಿಂದ ಕಾಯುತ್ತದೆ, ಅಯಾನುಗಳಿಗೆ ದಾರಿ ಬಿಡುತ್ತದೆ. ತೊಂದರೆ ಏನೆಂದರೆ ಅದು ಬೆಳೆಯುವುದನ್ನು ಪೂರ್ತಿ ನಿಲ್ಲಿಸುವುದಿಲ್ಲ. ಬೆಳೆದಂತೆಲ್ಲ ಒಂದಿಷ್ಟು ಲಿಥಿಯಂ ಅದರಲ್ಲೇ ಸಿಕ್ಕಿಬಿದ್ದು, ಮತ್ತೆಂದೂ ಹೊಳೆ ದಾಟದಂತಾಗುತ್ತದೆ. ಹೀಗೆ ದಾಟುವವರ ಸಂಖ್ಯೆ ಇಳಿಯುವುದನ್ನೇ ನಾವು "ಬ್ಯಾಟರಿ ವೀಕ್ ಆತು" ಎನ್ನುತ್ತೇವೆ.

ಕಾವು ಏರಿದರೆ ಈ ಪೊರೆ ಬೇಗ ಬೇಗ ದಪ್ಪವಾಗುತ್ತದೆ. ಹತ್ತು ಡಿಗ್ರಿ ಏರಿದರೆ ಅನೇಕ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಹಳೆಯ ಅಂದಾಜು ಲೆಕ್ಕ. ಬೇಸಿಗೆಯಲ್ಲಿ ಹಾಲು ಬೇಗ ಹುಳಿಯಾಗುವುದೂ, ಸಾರು ಸಂಜೆಗೇ ಹಳಸುವುದೂ ಕಾವಿನ ಇದೇ ಗುಣದಿಂದ. ಬ್ಯಾಟರಿಯೊಳಗಿನ ಲವಣವೂ ಕಾವಿಗೆ ಒಡೆಯುತ್ತದೆ, ಅನಿಲ ಹುಟ್ಟುತ್ತದೆ. ಆ ಅನಿಲ ಹೊರಹೋಗಲು ದಾರಿಯಿಲ್ಲದೆ ಬ್ಯಾಟರಿ ಉಬ್ಬುತ್ತದೆ.

ಕಾವಿನ ಜೊತೆ ಫುಲ್ ಚಾರ್ಜ್ ಸೇರಿದರೆ ಪೆಟ್ಟು ಎರಡಾಗುತ್ತದೆ. ಲಿಥಿಯಂ ಬ್ಯಾಟರಿಯನ್ನು ಬಳಸದೆ ಒಂದು ವರ್ಷ ಹಾಗೇ ಇಟ್ಟರೆ ಏನಾಗುತ್ತದೆ ಎಂಬುದಕ್ಕೆ ಬ್ಯಾಟರಿ ತಜ್ಞರು ಕೊಡುವ ಅಂದಾಜು ಹೀಗಿದೆ. 25 ಡಿಗ್ರಿಯಲ್ಲಿ, ಶೇ 40ರಷ್ಟು ಚಾರ್ಜ್‌ನಲ್ಲಿಟ್ಟರೆ ಅದರ ಸಾಮರ್ಥ್ಯ ಶೇ 96ರಷ್ಟು ಉಳಿಯುತ್ತದೆ. ಅದೇ ಚಾರ್ಜ್‌ನಲ್ಲಿ 40 ಡಿಗ್ರಿಯಲ್ಲಿಟ್ಟರೆ ಶೇ 85. ಫುಲ್ ಚಾರ್ಜ್ ಮಾಡಿ 40 ಡಿಗ್ರಿಯಲ್ಲಿಟ್ಟರೆ ಶೇ 65. ಒಂದೂ ಕಾಲ್ ಮಾಡದೆ, ಒಂದೂ ವಿಡಿಯೊ ನೋಡದೆ ಮೂರನೆಯ ಒಂದು ಪಾಲು ಹೋಯಿತು. ಬೇಸಿಗೆಯಲ್ಲಿ 40 ಡಿಗ್ರಿ ನಮಗೆ ಅಪರೂಪವಲ್ಲ.

ಬಿಸಿಲಿನ ಲೆಕ್ಕ

ಬಿಸಿಲಿನಲ್ಲಿಟ್ಟ ಫೋನ್ ಅಷ್ಟು ಬೇಗ ಏಕೆ ಕಾಯುತ್ತದೆ? ಒಂದು ಸಣ್ಣ ಲೆಕ್ಕ ಮಾಡೋಣ. ನಡುಮಧ್ಯಾಹ್ನದ ಸ್ವಚ್ಛ ಬಿಸಿಲು ಒಂದು ಚದರ ಮೀಟರ್ ಜಾಗದ ಮೇಲೆ ಸುಮಾರು 1000 ವ್ಯಾಟ್ ಸುರಿಸುತ್ತದೆ. ಫೋನಿನ ಮುಖ 16 ಸೆಂಟಿಮೀಟರ್ ಉದ್ದ, ಏಳೂವರೆ ಸೆಂಟಿಮೀಟರ್ ಅಗಲ ಎಂದುಕೊಳ್ಳಿ. ಅದರ ಪಾಲಿಗೆ ಬರುವುದು 12 ವ್ಯಾಟ್. 5000 ಎಂಎಎಚ್ ಬ್ಯಾಟರಿಯಲ್ಲಿ ತುಂಬಿರುವ ಒಟ್ಟು ಶಕ್ತಿ ಸುಮಾರು 19 ವ್ಯಾಟ್-ಗಂಟೆ. ಅಂದರೆ ಒಂದೂವರೆ ತಾಸಿನಲ್ಲಿ, ಬ್ಯಾಟರಿಯೊಳಗಿನ ಶಕ್ತಿಗೆ ಹೆಚ್ಚುಕಡಿಮೆ ಸಮನಾದ ಶಕ್ತಿಯನ್ನು ಸೂರ್ಯ ಅದರ ಮುಖದ ಮೇಲೆ ಸುರಿದಿರುತ್ತಾನೆ. ಕಪ್ಪು ಗಾಜು ಅದರ ಬಹುಪಾಲನ್ನು ಹೀರಿಕೊಳ್ಳುತ್ತದೆ.

ಆ ಕಾವು ಹೊರಗೆ ಹೋಗುವುದು ಹೇಗೆ? ಕಂಪ್ಯೂಟರಿನಲ್ಲಿರುವಂತೆ ಫೋನಿನಲ್ಲಿ ಫ್ಯಾನ್ ಇಲ್ಲ. ಅದರ ಮೈಯೇ ಅದರ ಕಿಟಕಿ. ದಪ್ಪ ರಬ್ಬರ್ ಕವರ್ ಹಾಕಿದರೆ ಆ ಕಿಟಕಿಗೂ ಕಂಬಳಿ ಹೊದಿಸಿದಂತೆ. ನಮ್ಮ ವಿಜಯಪುರದ ಗೋಳಗುಮ್ಮಟವನ್ನು ನೋಡಿ, ಅದರ ಗೋಡೆ ಸುಮಾರು ಮೂರು ಮೀಟರ್ ದಪ್ಪವಿದೆ. ಹಗಲಿನ ಬಿಸಿಲು ಆ ಕಲ್ಲಿನ ರಾಶಿಯನ್ನು ಕಾಯಿಸಿ ಒಳಗೆ ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಇನ್ನೂರು ಗ್ರಾಂ ತೂಕದ ಫೋನಿಗೆ ಅಂಥ ಮೈಭಾರವಿಲ್ಲ. ಬಿಸಿಲಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಅದು ಒಳಗಿನವರೆಗೂ ಕಾಯ್ದಿರುತ್ತದೆ.

ನಿಲ್ಲಿಸಿದ ಕಾರು ಇನ್ನೂ ಕೆಟ್ಟದ್ದು. ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಬೇಸಿಗೆ ನಮ್ಮಂತೆಯೇ ಸುಡುತ್ತದೆ. ಅಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಸಿಲಿನಲ್ಲಿ ಒಂದು ತಾಸು ನಿಂತ ಕಾರುಗಳ ಒಳಗಿನ ಗಾಳಿ ಸರಾಸರಿ 47 ಡಿಗ್ರಿಗೆ, ಡ್ಯಾಶ್‌ಬೋರ್ಡ್ 69 ಡಿಗ್ರಿಗೆ ಏರಿತ್ತು. ಆಪಲ್, ಸ್ಯಾಮ್‌ಸಂಗ್ ಕಂಪನಿಗಳು ತಮ್ಮ ಫೋನ್ ಬಳಸಲು ಹೇಳುವ ಮಿತಿ 35 ಡಿಗ್ರಿ.

ಹೊಲದಲ್ಲಿ ಕೂಗುವ ಫೋನ್

ಹೊರಗಿನ ಬಿಸಿಲು ಒಂದು ಕಡೆಯಾದರೆ ಒಳಗೆ ಹುಟ್ಟುವ ಕಾವು ಇನ್ನೊಂದು ಕಡೆ. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಈ ತುದಿಯ ಪಿಸುಮಾತು ಸುಮಾರು 38 ಮೀಟರ್ ಆಚೆಗಿನ ತುದಿಯಲ್ಲಿ ಕೇಳುತ್ತದೆ. ಬಾಗಿದ ಗೋಡೆ ದನಿಯನ್ನು ಹೊತ್ತೊಯ್ಯುತ್ತದೆ. ಬಯಲಿನಲ್ಲಿ ಟವರಿನೊಡನೆ ಮಾತಾಡುವ ಫೋನಿಗೆ ಅಂಥ ಗೋಡೆಯ ಆಸರೆ ಇಲ್ಲ. ಊರಲ್ಲಿ, ಟವರಿನ ಬುಡದಲ್ಲಿ ಅದು ಪಿಸುಗುಟ್ಟಿದರೆ ಸಾಕು. ಬಬಲೇಶ್ವರದಿಂದ ಒಳಗೆ ಹೋಗಿ ಸಿಗ್ನಲ್ ಒಂದೇ ಕಡ್ಡಿಗೆ ಇಳಿಯುವ ತೋಟದಲ್ಲಿ ನಿಂತರೆ ಅದು ಗಂಟಲು ಹರಿಯುವಂತೆ ಕೂಗಬೇಕು. ಕೂಗಿದಷ್ಟೂ ಬ್ಯಾಟರಿ ಇಳಿಯುತ್ತದೆ, ಮೈ ಕಾಯುತ್ತದೆ. "ಮನ್ಯಾಗ ಇದ್ರ ಎರಡು ದಿನ ಬರ್ತೈತಿ, ಹೊಲಕ್ಕ ಬಂದ್ರ ಸಂಜೀಕ ಖಾಲಿ" ಎಂದು ರೈತರು ಹೇಳುವುದು ಬರೀ ಅನಿಸಿಕೆಯಲ್ಲ. ಅದರ ಹಿಂದೆ ಭೌತಶಾಸ್ತ್ರವಿದೆ.

ಇದಕ್ಕೆ ನಮ್ಮ ಇಂದಿನ ಕೆಲಸಗಳನ್ನು ಸೇರಿಸಿ. ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ರೈತರು ತಮ್ಮ ಹೊಲದಲ್ಲೇ ನಿಂತು ಬೆಳೆಯ ಫೋಟೊ ತೆಗೆದು ಏರಿಸಬೇಕು. ರಾಜ್ಯ ದೂರಸಂವೇದಿ ಕೇಂದ್ರದ ದಿಶಾಂಕ್ ಆ್ಯಪ್ ನಾವು ನಿಂತ ನೆಲದ ಸರ್ವೆ ನಂಬರ್ ತೋರಿಸುತ್ತದೆ. ಎರಡೂ ಉಪಕಾರಿ ಆ್ಯಪ್‌ಗಳೇ. ಆದರೆ ಅವು ನಡೆಯುವಾಗ ಜಿಪಿಎಸ್, ಡೇಟಾ, ಕೆಲವೊಮ್ಮೆ ಕ್ಯಾಮೆರಾ ಒಟ್ಟಿಗೆ ದುಡಿಯುತ್ತವೆ. ಬಿಸಿಲಿನಲ್ಲಿ ಕಾಣಲಿ ಎಂದು ಪರದೆಯ ಬೆಳಕೂ ತುಟ್ಟತುದಿಗೆ ಏರಿರುತ್ತದೆ. ಮಧ್ಯಾಹ್ನ ಎರಡಕ್ಕೆ ಇದನ್ನೆಲ್ಲ ಮಾಡಿಸುವುದು ಎತ್ತಿಗೆ ಉರಿಬಿಸಿಲಲ್ಲಿ ಭಾರದ ಗಾಡಿ ಹೂಡಿದಂತೆ.

ಫೋನ್ ಇದನ್ನು ತಿಳಿಯದೆ ಇಲ್ಲ. ಒಳಗೆ ಕಾವು ಅಳೆಯುವ ಸಣ್ಣ ಸಂವೇದಕಗಳಿವೆ. ಕಾವು ಏರಿದಂತೆ ಅದು ಮೊದಲು ಪರದೆಯ ಬೆಳಕು ತಗ್ಗಿಸುತ್ತದೆ. ಪ್ರೊಸೆಸರ್ ನಿಧಾನವಾಗುತ್ತದೆ. ಚಾರ್ಜ್ ಏರುವುದು ನಿಲ್ಲುತ್ತದೆ. ಫ್ಲ್ಯಾಶ್, ಕ್ಯಾಮೆರಾ ಬಂದ್ ಆಗುತ್ತವೆ. ಕೊನೆಗೆ ತಾನೇ ಆರಿಕೊಳ್ಳುತ್ತದೆ. ನಾವು ಫೋನ್ ಹ್ಯಾಂಗ್ ಆಯಿತು, ಚಾರ್ಜರ್ ಹೋಯಿತು ಎಂದುಕೊಳ್ಳುತ್ತೇವೆ.

ಮಾಡಬೇಕಾದ್ದು

ಬಿಸಿಯಾದ ಫೋನನ್ನು ಮೊದಲು ನೆರಳಿಗೆ ತನ್ನಿ, ಚಾರ್ಜರ್ ಕೀಳಿ, ಕವರ್ ತೆಗೆಯಿರಿ, ಗಾಳಿ ಆಡುವ ಕಡೆ ಇಡಿ. ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ. ಗಡಿಗೆಯ ಮೇಲೋ ಒದ್ದೆ ಅರಿವೆಯಲ್ಲೋ ಇಡುವುದೂ ಬೇಡ. ತಣ್ಣನೆಯ ಲೋಟದ ಮೈ ಬೆವರುವಂತೆ, ಥಟ್ಟನೆ ತಣಿದ ಫೋನಿನ ಒಳಗೂ ನೀರು ಹನಿಗಟ್ಟಬಹುದು.

ಬೇಸಿಗೆಯಲ್ಲಿ ಚಾರ್ಜ್ ಮಾಡಲು ಒಳ್ಳೆಯ ಹೊತ್ತು ಬೆಳಗಿನ ಜಾವ, ದಿನದಲ್ಲಿ ಅತಿ ತಂಪಾದ ಸಮಯ. ಫಾಸ್ಟ್ ಚಾರ್ಜಿಂಗ್‌ನಲ್ಲಿ ಕಾವು ಹೆಚ್ಚು ಹುಟ್ಟುತ್ತದೆ, ಅವಸರವಿಲ್ಲದಾಗ ಅದನ್ನು ಬಿಡಿ. ಈಗಿನ ಅನೇಕ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ಚಾರ್ಜನ್ನು ಶೇ 80ಕ್ಕೆ ನಿಲ್ಲಿಸುವ ಅನುಕೂಲವಿದೆ. ಮಾರ್ಚ್‌ನಿಂದ ಮೇ ತನಕವಾದರೂ ಅದನ್ನು ಆನ್ ಮಾಡಿಡಿ. ಚಾರ್ಜಿಗೆ ಹಾಕಿದ ಫೋನನ್ನು ಕೌದಿಯ ಮೇಲೆ, ತಲೆದಿಂಬಿನ ಕೆಳಗೆ ಇಡಲೇಬೇಡಿ.

ಬೆಳೆ ಸಮೀಕ್ಷೆಯ ಕೆಲಸ ಬೆಳಿಗ್ಗೆ ಹತ್ತರೊಳಗೆ ಮುಗಿಸಿ. ಸಿಗ್ನಲ್ ಇಲ್ಲದ ಹೊಲದಲ್ಲಿ ಫೋನ್ ಬೇಡದ ಹೊತ್ತಿಗೆ ಏರೋಪ್ಲೇನ್ ಮೋಡ್‌ನಲ್ಲಿಡಿ, ಕೂಗಾಟ ನಿಲ್ಲುತ್ತದೆ. ಬೈಕಿನ ಹ್ಯಾಂಡಲ್‌ಗೆ ಸಿಕ್ಕಿಸಿ, ಬಿಸಿಲಲ್ಲಿ ಮ್ಯಾಪ್ ಹಾಕಿಕೊಂಡು, ಜೊತೆಗೆ ಚಾರ್ಜೂ ಮಾಡುತ್ತ ಸಾಗುವುದು ಬ್ಯಾಟರಿಗೆ ಮೂರು ಕಡೆಯಿಂದ ಬೆಂಕಿ ಹಚ್ಚಿದಂತೆ. ಫೋನ್ ತಣ್ಣಗೆ ಮಾಡುತ್ತೇವೆ ಎನ್ನುವ ಆ್ಯಪ್‌ಗಳನ್ನು ನಂಬಬೇಡಿ. ಹೆಚ್ಚೆಂದರೆ ಅವು ಬೇರೆ ಆ್ಯಪ್‌ಗಳನ್ನು ಮುಚ್ಚಿಯಾವು. ಅವುಗಳ ಜಾಹೀರಾತುಗಳೇ ಮತ್ತೆ ಕಾವು ಹುಟ್ಟಿಸುತ್ತವೆ.

ಹಿಂಬದಿ ಎದ್ದಿದ್ದರೆ, ಪರದೆ ಅಂಚಿನಲ್ಲಿ ಬಿಚ್ಚಿಕೊಂಡಿದ್ದರೆ, ಸಪಾಟಾದ ಮೇಜಿನ ಮೇಲೆ ಫೋನ್ ತೊಟ್ಟಿಲಂತೆ ಓಲಾಡಿದರೆ ಬ್ಯಾಟರಿ ಉಬ್ಬಿದೆ ಎಂದರ್ಥ. ಒತ್ತಬೇಡಿ, ಚುಚ್ಚಬೇಡಿ, ಮತ್ತೆ ಚಾರ್ಜಿಗೆ ಹಾಕಬೇಡಿ. ಬಲ್ಲವರ ಅಂಗಡಿಯಲ್ಲಿ ಬದಲಿಸಿ. ತೆಗೆದ ಬ್ಯಾಟರಿ ತಿಪ್ಪೆಗೆ ಹೋಗಬಾರದು. ಅದನ್ನು ವಾಪಸ್ ಪಡೆದು ಸಂಸ್ಕರಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಹೊರಿಸಿವೆ.

ದ್ರಾಕ್ಷಿ ಬಿಡಿಸಲು ಬರುವ ಹೆಣ್ಣುಮಕ್ಕಳ ಫೋನಿನಲ್ಲಿ ಅವರ ಪಗಾರವಿದೆ, ಬ್ಯಾಂಕಿನ ಒಟಿಪಿ ಇದೆ, ಮನೆಯಲ್ಲಿ ಬಿಟ್ಟು ಬಂದ ಮಗುವಿನ ದನಿ ಇದೆ. ಆ ಫೋನ್ ಒಂದು ವರ್ಷ ಹೆಚ್ಚು ಬಾಳಿದರೆ ಆ ಮನೆಗೆ ಅಷ್ಟು ದುಡ್ಡು ಉಳಿಯಿತು. ಅದಕ್ಕಾಗಿಯೇ ಇಷ್ಟೆಲ್ಲ ಹೇಳಿದೆ.

ಅಂದು ಶೆಡ್ಡಿನಲ್ಲಿ ಯಜಮಾನರಿಗೆ ನಾನು ಬ್ಯಾಟರಿಯ ರಸಾಯನಶಾಸ್ತ್ರ ಹೇಳಲಿಲ್ಲ. ಒಂದು ಪ್ರಶ್ನೆ ಕೇಳಿದೆ: "ದ್ರಾಕ್ಷಿ ಬಿಸಲಾಗ ಹಾಕಿದ್ರ ಬೇಗ ಒಣಗ್ತಿತ್ತಲ್ರಿ, ನೆರಳಾಗ ಯಾಕ ಹಾಕೀರಿ?" ಅವರು ನಕ್ಕು, "ಕರ್ರಗ ಆಗ್ತಾವರಿ, ರೇಟ್ ಬರೂದಿಲ್ಲ" ಎಂದರು. ನಾಲ್ಕು ಕಿಲೊ ಹಣ್ಣು ಒಣಗಿ ಒಂದು ಕಿಲೊ ಮಣೂಕವಾಗುವ ಆ ಎರಡು ವಾರ ಅವರು ಗಾಳಿಯನ್ನು ಒಳಗೆ ಬಿಟ್ಟು ಬಿಸಿಲನ್ನು ಹೊರಗಿಡುತ್ತಾರೆ. ನೇರ ಬಿಸಿಲು ಬಿದ್ದರೆ ಹಣ್ಣಿನೊಳಗಿನ ಕಿಣ್ವ ಚುರುಕಾಗಿ ಹಸಿರು ಕಂದುಗಟ್ಟುತ್ತದೆ ಎಂಬುದನ್ನು ಅವರು ಪುಸ್ತಕದಲ್ಲಿ ಓದಿರಲಿಕ್ಕಿಲ್ಲ. ಕೈ ಬಲ್ಲದು, ಕಣ್ಣು ಬಲ್ಲದು.

"ಇದಕ್ಕೂ ಹಂಗೇ" ಎಂದು ಫೋನ್ ತೋರಿಸಿದೆ. ಅವರು ಒಂದು ಗಳಿಗೆ ಸುಮ್ಮನೆ ನೋಡಿದರು. ಆಮೇಲೆ ಬುತ್ತಿ ತಂದಿದ್ದ ಅರಿವೆಯ ಚೀಲವನ್ನು ಕೊಡವಿ, ಶೆಡ್ಡಿನ ನಡುಗಂಬದ ಮೊಳೆಗೆ, ಗಾಳಿ ಹಾಯುವ ಎತ್ತರದಲ್ಲಿ ತೂಗುಹಾಕಿದರು. ಕೆಲಸದವರನ್ನು ಕರೆದು, "ನಿಮ್ಮ ಮೊಬೈಲೂ ಇದರಾಗ ಇಡ್ರಬೇ" ಎಂದರು.