ಮೂವತ್ತು ಅಂಕಗಳ ಮುಖಾಮುಖಿ: ರೋಮಿನ ಸಪಿಯೆಂತ್ಸಾದಲ್ಲಿ ವಿದ್ಯಾರ್ಥಿ ಜೀವನ

ರೋಮ್ ನಗರದ ಸಪಿಯೆಂತ್ಸಾ ವಿಶ್ವವಿದ್ಯಾನಿಲಯದ ಆಡಳಿತ ಭವನದ ಮುಂದೆ ವಿದ್ಯಾದೇವತೆ ಮಿನರ್ವಾಳ ಕಂಚಿನ ಪ್ರತಿಮೆಯಿದೆ. ಪರೀಕ್ಷೆಗೆ ಮುನ್ನ ಅವಳ ಕಣ್ಣುಗಳನ್ನು ನೋಡಿದವರು ಅನುತ್ತೀರ್ಣರಾಗುವರೆಂಬ ನಂಬಿಕೆ ಅಲ್ಲಿನ ವಿದ್ಯಾರ್ಥಿಗಳಲ್ಲಿ ರೂಢವಾಗಿದೆ. ಪರೀಕ್ಷೆಯ ದಿನ ಸರಸ್ವತಿಗೆ ಕೈಮುಗಿದು ಹೊರಡುವವರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಈ ಅಳುಕು ಎಂತಹುದೆಂದು ತಿಳಿಯಲು ಅಲ್ಲಿನ ಪರೀಕ್ಷಾ ಪದ್ಧತಿಯನ್ನು ಅರಿಯಬೇಕು.

1303ರಲ್ಲಿ ಪೋಪ್ ಎಂಟನೆಯ ಬೋನಿಫಾಸ್ ಸ್ಥಾಪಿಸಿದ ಈ ವಿದ್ಯಾಸಂಸ್ಥೆಯ ಹೆಸರಿಗೆ 'ವಿವೇಕ' ಎಂದರ್ಥ. ವಾಸ್ತುಶಿಲ್ಪಿ ಮಾರ್ಚೆಲ್ಲೊ ಪಿಯಾಚೆಂತೀನಿಯ ನೇತೃತ್ವದಲ್ಲಿ ರೂಪುಗೊಂಡ ಇಂದಿನ ಆವರಣ 1935ರಲ್ಲಿ ಉದ್ಘಾಟನೆಯಾಯಿತು. ಒಂದು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಇಲ್ಲಿ ಕೆಲವು ತರಗತಿಗಳಲ್ಲಿ ನೂರಾರು ಜನ ಕೂಡಿರುತ್ತಾರೆ. ಅನೇಕ ವಿಷಯಗಳಲ್ಲಿ ಹಾಜರಿ ಕಡ್ಡಾಯವಲ್ಲ. ಹೀಗಾಗಿ ಅಧ್ಯಾಪಕರು ವಿದ್ಯಾರ್ಥಿಯ ಮುಖವನ್ನು ಮೊದಲು ಕಾಣುವುದೇ ಪರೀಕ್ಷೆಯ ಮೇಜಿನ ಬಳಿ ಆಗಬಹುದು.

ಇಟಲಿಯಲ್ಲಿ ಮೌಖಿಕ ಪರೀಕ್ಷೆಗೆ ಬಹು ದೊಡ್ಡ ಸ್ಥಾನವಿದೆ. ಅದು ಬಹಿರಂಗವಾಗಿಯೇ ನಡೆಯುವುದರಿಂದ, ಸರದಿ ಕಾಯುವವರೂ ಕುಳಿತು ಕೇಳಬಹುದು. ಗರಿಷ್ಠ ಅಂಕ 30, ಉತ್ತೀರ್ಣತೆಗೆ 18; ಅತ್ಯುತ್ತಮರಿಗೆ 30ರ ಜೊತೆಗೆ 'ಲೋದೆ' ಎಂಬ ಪ್ರಶಂಸೆ. ಬಂದ ಅಂಕ ತೃಪ್ತಿ ತಾರದಿದ್ದರೆ ಅದನ್ನು ನಿರಾಕರಿಸಿ ಮುಂದಿನ ಸರದಿಯಲ್ಲಿ ಮತ್ತೆ ಕುಳಿತುಕೊಳ್ಳುವ ಪರಿಪಾಠವೂ ಉಂಟು. ವರ್ಷದಲ್ಲಿ ಇಂತಹ ಅವಕಾಶಗಳು ಹಲವು ಬಾರಿ ಬರುತ್ತವೆ.

ಈ ಸ್ವಾತಂತ್ರ್ಯಕ್ಕೆ ತೆರಬೇಕಾದ ಬೆಲೆಯೂ ಇದೆ. ಪರೀಕ್ಷೆಯನ್ನು ಮುಂದೂಡಿದರೆ ಗದರಿಸಿ ಕೇಳುವವರಿಲ್ಲ. ಮೂರು ವರ್ಷಗಳ ಪದವಿಯ 180 ಕ್ರೆಡಿಟ್‌ಗಳನ್ನು ಅವಧಿಯೊಳಗೆ ಗಳಿಸದವರಿಗೆ 'ಫುವೋರಿ ಕೋರ್ಸೊ', ಅಂದರೆ ಅವಧಿ ಮೀರಿದವರು, ಎಂಬ ಹೆಸರು ಅಂಟಿಕೊಳ್ಳುತ್ತದೆ. ಊರು ಬಿಟ್ಟು ಬಂದವರನ್ನು 'ಫುವೋರಿ ಸೇದೆ' ಎನ್ನುತ್ತಾರೆ. ಶುಲ್ಕವು ಕುಟುಂಬದ ಆದಾಯವನ್ನು ಅವಲಂಬಿಸಿರುವುದರಿಂದ ಬಡವರಿಗೆ ಓದು ನಿಲುಕುತ್ತದೆ. ಆದರೆ ತಲೆಯ ಮೇಲಿನ ಸೂರು ನಿಲುಕುವುದಿಲ್ಲ. 2023ರ ಮೇ ತಿಂಗಳಲ್ಲಿ ಮಿಲಾನಿನಲ್ಲಿ ಆರಂಭವಾದ ಬಾಡಿಗೆ ವಿರೋಧಿ ಚಳವಳಿ ರೋಮಿಗೂ ಹಬ್ಬಿ, ಸಪಿಯೆಂತ್ಸಾದ ಆವರಣದಲ್ಲಿಯೂ ವಿದ್ಯಾರ್ಥಿಗಳು ಡೇರೆ ಹಾಕಿದರು.

ಹೊರದೇಶದಿಂದ ಬಂದವರಿಗೆ ಭಾಷೆಯೂ ಒಂದು ತೊಡಕು. ಇಂಗ್ಲಿಷ್ ಮಾಧ್ಯಮದ ಪದವಿಗೆ ಸೇರಿದರೂ ಬಾಡಿಗೆಯ ಕರಾರಿಗೆ, ಕಚೇರಿಯ ಅರ್ಜಿಗೆ ಇಟಾಲಿಯನ್ ಬೇಕು. ಮನೆಯಲ್ಲಿ ಕನ್ನಡ, ತಹಶೀಲಿ ಕಚೇರಿಯಲ್ಲಿ ಮರಾಠಿ ಎಂಬ ಸ್ಥಿತಿಯಲ್ಲಿ ಬೆಳೆದ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ವಿದ್ಯಾರ್ಥಿಗಳಿಗೆ ಈ ತೊಡಕನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕನ್ನಡ ಐಚ್ಛಿಕ ವಿದ್ಯಾರ್ಥಿಗಳು ಇಲ್ಲಿಂದ ಪಡೆಯಬಹುದಾದ ಪಾಠ ಸರಳವಾದುದು. ಮೌಖಿಕ ಪರೀಕ್ಷೆಗೆ ಸಿದ್ಧವಾಗುವ ಇಟಲಿಯ ವಿದ್ಯಾರ್ಥಿ ಪುಸ್ತಕ ಮುಚ್ಚಿ, ಓದಿದ್ದನ್ನು ಗೆಳೆಯರೆದುರು ಗಟ್ಟಿಯಾಗಿ ಹೇಳುತ್ತಾನೆ. ಮಾತು ತಡವರಿಸಿದ ಕಡೆ ತಿಳಿವಳಿಕೆಯೂ ತಡವರಿಸಿದೆ ಎಂದು ಅರಿತು ಮತ್ತೆ ಪುಸ್ತಕ ತೆರೆಯುತ್ತಾನೆ. ಷಟ್ಪದಿಯ ಲಕ್ಷಣವಾಗಲಿ, ವಚನವೊಂದರ ಭಾವವಾಗಲಿ ತನ್ನದೇ ಮಾತಿನಲ್ಲಿ ಇನ್ನೊಬ್ಬರಿಗೆ ಹೇಳಲು ಬಂದಾಗಲೇ ಅದು ಓದಿದವನ ಸ್ವತ್ತಾಗುತ್ತದೆ. ಇದಕ್ಕೆ ರೋಮಿಗೆ ಹೋಗಬೇಕಾಗಿಲ್ಲ. ಕೇಳುವ ಒಬ್ಬ ಸಹಪಾಠಿ ಸಾಕು.